14 ಹಾಡುಗಳ ಮೆಮೊರಿ ಕಾರ್ಡ್

ನಮ್ಮ ಹಾಸ್ಟೆಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಊರೇ ಹೆಸರು. ಕಾರಿಡಾರಿನ ಆ ತುದಿಯಿಂದ ಯಾರೋ ‘ಲೋ ಸಿಂಧನೂರೂ’ ಅಂತ ಕೂಗಿದರೆ ಈ ತುದಿಯ ರೂಮಿನಿಂದ ಒಬ್ಬ ಬಕೆಟ್ ಹಿಡಿದುಕೊಂಡು ಹೊರಗೆ ಬರುತ್ತಿದ್ದ. ನಾನು ‘ತೀರ್ಥಹಳ್ಳಿ’. ನನ್ನ ರೂಮ್‌ಮೇಟ್ ‘ಮದ್ದೂರು’. ನನ್ನ ಫೋನಿನಲ್ಲಿ ಇವತ್ತಿಗೂ ಅವನ ನಂಬರ್ ಸೇವ್ ಆಗಿರುವುದು ‘ಮದ್ದೂರು ಹಾಸ್ಟೆಲ್’ ಅಂತಲೇ.

ಈ ಸಲ ನನಗೆ ತುಂಬಾ ಇಷ್ಟದ ಒಂದು ಬ್ಯಾಂಡ್ ಬಗ್ಗೆ ಬರೆಯೋಣ ಅಂತ ಕೂತೆ. ಬ್ಯಾಂಡ್ ಹೆಸರು ಸ್ವರಾತ್ಮ. ನಮ್ಮ ಬೆಂಗಳೂರಿನದೇ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಗೊತ್ತಾಯಿತು, ಮದ್ದೂರಿನ ಕಥೆ ಹೇಳದೆ ಸ್ವರಾತ್ಮದ ಕಥೆ ಹೇಳೋಕೆ ನನ್ನಿಂದ ಆಗಲ್ಲ ಅಂತ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

2012ರಲ್ಲಿ ನಾವಿಬ್ಬರೂ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದು. ಮೊದಲ ದಿನವೇ ನನಗೆ ಅವನ ಒಂದು ಅಭ್ಯಾಸ ವಿಚಿತ್ರ ಅನಿಸಿತ್ತು. ಮೆಸ್ಸಿನಲ್ಲಿ ಪೇಪರ್ ಕೈಗೆ ಸಿಕ್ಕಿದರೆ ಎಲ್ಲರೂ ಕ್ರೀಡಾ ಪುಟ ತೆಗೀತಿದ್ರು. ಇವನು ಮೊದಲು ಹುಡುಕುತ್ತಿದ್ದದ್ದು ಜಲಾಶಯಗಳ ನೀರಿನ ಮಟ್ಟ. ಕೆಆರ್‌ಎಸ್ ಎಷ್ಟು ಅಡಿ ಅಂತ ನೋಡಿ, ಏನೂ ಮಾತಾಡದೆ ಪೇಪರ್ ಮಡಚಿ ಇಡುತ್ತಿದ್ದ. 124.80 ಅಡಿ ಅಂದರೆ ಡ್ಯಾಮ್ ಭರ್ತಿ ಅಂತ ನನಗೆ ಹೇಳಿಕೊಟ್ಟವನು ಅವನೇ. ಅವರ ಜಮೀನು ವಿ.ಸಿ. ನಾಲೆಯ ಕೊನೆ ಭಾಗದಲ್ಲಿ. ನಾಲೆಗೆ ನೀರು ಬಿಟ್ಟರೂ ಅಲ್ಲಿಗೆ ತಲುಪೋದು ಎಲ್ಲರದ್ದೂ ಮುಗಿದ ಮೇಲೆ.

ನನಗೆ ಇದೆಲ್ಲ ತಮಾಷೆ. ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲಿ. ಮಳೆ ಯಾವಾಗ ನಿಲ್ಲುತ್ತೋ ಅಂತ ಕಾಯೋದು ಗೊತ್ತಿತ್ತೇ ಹೊರತು ನೀರು ಯಾವಾಗ ಬರುತ್ತೋ ಅಂತ ಕಾಯೋದು ಗೊತ್ತಿರಲಿಲ್ಲ. ‘ಏನ್ ಮಾರಾಯ, ಡ್ಯಾಮಿಗೂ ಸ್ಕೋರ್ ನೋಡ್ತೀಯಾ?’ ಅಂತ ಒಮ್ಮೆ ಕೇಳಿದ್ದೆ. ಅವನು ನಕ್ಕಿದ್ದ, ಅಷ್ಟೇ.

ಮದ್ದೂರಿಗೆ ಇನ್ನೊಂದು ಹಿನ್ನೆಲೆ ಇತ್ತು. ಅವರ ಚಿಕ್ಕಪ್ಪನ ಮಗನದ್ದು ಒಂದು ಮೊಬೈಲ್ ಅಂಗಡಿ. ರೀಚಾರ್ಜ್, ಸ್ಕ್ರೀನ್ ಗಾರ್ಡ್, ಜೊತೆಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡೋದು. ನಮ್ಮ ವಯಸ್ಸಿನವರಿಗೆಲ್ಲ ಈ ಅಂಗಡಿಗಳು ನೆನಪಿರುತ್ತವೆ. ಕಾರ್ಡ್ ಕೊಟ್ಟು ‘ಹೊಸ ಪಿಕ್ಚರ್ದು ಎಲ್ಲಾ ಹಾಕಣ್ಣ’ ಅಂದರೆ 20 ರೂಪಾಯಿಗೆ ಮುನ್ನೂರೋ ನಾನೂರೋ ಹಾಡು. ಅದು ಸರಿಯಾ ತಪ್ಪಾ ಅಂತ ಆಗ ಯಾರೂ ಯೋಚಿಸಿರಲಿಲ್ಲ. ರಜೆಯಲ್ಲಿ ಇವನೇ ಅಂಗಡಿ ನೋಡಿಕೊಳ್ಳುತ್ತಿದ್ದ. ಗಿರಾಕಿಗಳ ಕಾರ್ಡಿನಲ್ಲಿ ಏನಾದರೂ ಅಪರೂಪದ ಹಾಡಿದ್ದರೆ ಅದನ್ನು ತನ್ನ ಕಂಪ್ಯೂಟರಿಗೂ ಒಂದು ಕಾಪಿ ಹಾಕಿಕೊಳ್ಳುತ್ತಿದ್ದ. ಹಾಗಾಗಿ ಅವನ ಸಂಗ್ರಹದಲ್ಲಿ ರಾಜ್‌ಕುಮಾರ್, ಮಾದಪ್ಪನ ಪದ, ಗುಲಾಮ್ ಅಲಿ, ಮೆಟಾಲಿಕಾ ಎಲ್ಲ ಒಂದೇ ಫೋಲ್ಡರಿನಲ್ಲಿ ಇದ್ದವು.

ನನ್ನದು ಅಂಥ ಸಂಗ್ರಹ ಅಲ್ಲ. ಸೀನಿಯರ್ ಒಬ್ಬರ ಹಾರ್ಡ್‌ಡಿಸ್ಕಿನಿಂದ ಬಂದ ಲಿಂಕಿನ್ ಪಾರ್ಕ್, ಕೋಲ್ಡ್‌ಪ್ಲೇ, ಜೊತೆಗೆ ‘ಮುಂಗಾರು ಮಳೆ’ ಕಾಲದ ಸಿನಿಮಾ ಹಾಡುಗಳು. ಕೇಳಿದ್ದನ್ನೇ ಕೇಳೋದು. ‘ನೀನು ಹಾಡು ಕೇಳಲ್ಲ ಕಣ್ಲಾ, ಹಾಡು ಹೊದ್ಕೊಂಡ್ ಮಲಗ್ತೀಯ’ ಅಂತ ಅವನು ಬೈಯುತ್ತಿದ್ದ.

2015ರಲ್ಲಿ ಮೂರನೇ ವರ್ಷದ ರಿಸಲ್ಟ್ ಬಂತು. ನಾನು ಪಾಸ್. ಅವನಿಗೆ ಇಯರ್ ಬ್ಯಾಕ್. ಗಣಿತದ ಎರಡು ಪೇಪರ್ ಮೊದಲಿಂದಲೂ ಉಳಿದುಕೊಂಡಿದ್ದವು, ಜೊತೆಗೆ ಇನ್ನೂ ಎರಡು ಸೇರಿಕೊಂಡವು. ಅದೇ ಸಮಯಕ್ಕೆ ಅವರ ಅಪ್ಪಾಜಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯಿತು. ‘ಒಂದ್ ವರ್ಷ ಮನೇಲಿದ್ದು ಬರ್ತೀನಿ’ ಅಂದ. ಅವನು ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ‘ಹೂಂ, ಒಂದ್ ವರ್ಷ ಅಷ್ಟೇ ಅಲ್ವಾ’ ಅಂತಲೇ ಮಾತಾಡಿದೆವು.

ಹೊರಡುವ ಹಿಂದಿನ ರಾತ್ರಿ ಒಂದು ಮೆಮೊರಿ ಕಾರ್ಡ್ ಕೊಟ್ಟ. 2 ಜಿಬಿಯದ್ದು, ಉಗುರಿನಷ್ಟು ದೊಡ್ಡದು. ಕಳೆದುಹೋಗಬಾರದು ಅಂತ ಕಾಗದಕ್ಕೆ ಸೆಲ್ಲೋಟೇಪ್ ಹಾಕಿ ಅಂಟಿಸಿದ್ದ.

‘ಎಷ್ಟು ಹಾಡಿದೆ?’ ಅಂದೆ.

‘14.’

‘2 ಜಿಬಿಗೆ ಹದಿನಾಲ್ಕೇನಾ?’

‘ಜಾಸ್ತಿ ಹಾಕುದ್ರೆ ನೀನು ಕೇಳಲ್ಲ. ಇವನ್ನ ಹಿಂದು ಮುಂದು ಮಾಡ್ಬೇಡ. ಸಾಲಾಗಿ ಕೇಳು.’

ನಾನೂರು ಹಾಡು ತುಂಬಿಸಿಕೊಡುವ ಅಂಗಡಿಯವನು ಮುಕ್ಕಾಲುಪಾಲಿಗಿಂತ ಹೆಚ್ಚು ಜಾಗ ಖಾಲಿ ಬಿಟ್ಟು ಕೊಟ್ಟಿದ್ದ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಟ್ರಂಕ್, ಹಾಸಿಗೆ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ನಾನು ಹೋಗಲಿಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಅಂತ ಅವತ್ತು ಬೆಳಿಗ್ಗೆ 9ಕ್ಕೆ ಒಂದು ಮಾಕ್ ಟೆಸ್ಟ್ ಇತ್ತು. ಬರೀ ಅಭ್ಯಾಸದ ಪರೀಕ್ಷೆ. ಹೋಗದಿದ್ದರೆ ಯಾರೂ ಕೇಳುತ್ತಿರಲಿಲ್ಲ. ‘ಟೆಸ್ಟ್ ಇದೆ ಕಣೋ’ ಅಂದೆ. ‘ಹೋಗು ಹೋಗು, ಬರಿ’ ಅಂದ. ನಿಜ ಹೇಳಬೇಕೆಂದರೆ, ಪಾಸಾದ ನಾನು ಫೇಲಾದ ಅವನ ಟ್ರಂಕ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಏನು ಮಾತಾಡೋದು ಅಂತ ಗೊತ್ತಾಗಲಿಲ್ಲ. ಟೆಸ್ಟ್ ಒಂದು ನೆಪ.

ಕಾರ್ಡನ್ನು ಫೋನಿಗೆ ಹಾಕಿ ನೋಡಿದೆ. ಯಾವ ಫೈಲಿಗೂ ಹೆಸರಿರಲಿಲ್ಲ. 01, 02, 03 ಅಂತ 14ರವರೆಗೆ ಬರೀ ನಂಬರು. ಹಾಡುವವರ ಹೆಸರು ಬರುವ ಜಾಗದಲ್ಲಿ ಫೋನ್ ‘ಅನ್‌ನೋನ್ ಆರ್ಟಿಸ್ಟ್’ ಅಂತ ತೋರಿಸುತ್ತಿತ್ತು. ಬೇಕಂತಲೇ ಅಳಿಸಿದ್ದ. ಹೆಸರು ನೋಡಿ ‘ಇದು ನಂಗೆ ಇಷ್ಟ ಆಗಲ್ಲ’ ಅಂತ ಮುಂದಕ್ಕೆ ಓಡಿಸುವ ನನ್ನ ಬುದ್ಧಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೈಸೂರಿನಿಂದ ತೀರ್ಥಹಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಮೊದಲ ಸಲ ಪೂರ್ತಿ ಕೇಳಿದೆ. ಮೂರನೆಯದು ಕನ್ನಡದ್ದು, ಭೂಮಿಯ ಬಗ್ಗೆ. ಸಿನಿಮಾ ಹಾಡಿನ ಥರ ಇಲ್ಲ, ಭಾವಗೀತೆ ಥರವೂ ಇಲ್ಲ. ಗಿಟಾರ್ ಇದೆ, ಆದರೆ ಹಾಡುವವನ ದನಿಯಲ್ಲಿ ನಮ್ಮ ಊರ ಜಾತ್ರೆಯ ಧೂಳು ಇದೆ. ಇದು ಯಾರಪ್ಪ ಅಂತ ಎದ್ದು ಕೂತೆ. ಏಳನೆಯದು ಹಿಂದಿ. ಅದೇ ದನಿ, ಅದೇ ವಯಲಿನ್. ನನ್ನ ಹಿಂದಿ ಟಿವಿ ನೋಡಿ ಕಲಿತದ್ದು. ಬಾಯಾರಿಕೆ, ಪ್ರೀತಿ, ನೀರು ಅಂತೆಲ್ಲ ಕೇಳಿಸಿತು. ಯಾರೋ ಹುಡುಗಿಯ ವಿರಹ ಅಂದುಕೊಂಡೆ. ಆದರೂ ಆ ಹಾಡನ್ನು ಬಿಡಲಾಗಲಿಲ್ಲ. ಹಾಸನ ದಾಟಿದ ಮೇಲೆ ಅವನ ಮಾತು ಮೀರಿ ಅದೊಂದನ್ನೇ ನಾಲ್ಕು ಸಲ ಕೇಳಿದೆ.

ಅವನಿಗೆ ಮೆಸೇಜ್ ಮಾಡಿದೆ: ‘3, 7 ಯಾರದ್ದೋ?’

ಉತ್ತರ ಬಂತು: ‘ನೀನೇ ಹುಡುಕ್ಲಾ, ಎಂಜಿನಿಯರು.’

ಹುಡುಕಬಹುದಿತ್ತು. ಹಾಡಿನ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಹುಡುಕಲಿಲ್ಲ. ಹುಡುಕಿದ್ದರೆ ಅವನಿಗೆ ಫೋನ್ ಮಾಡಿ ಹೇಳಬೇಕಾಗುತ್ತಿತ್ತು. ಫೋನ್ ಮಾಡಿದರೆ ‘ಓದು ಹೇಗಿದೆ’ ಅಂತ ಅವನು ಕೇಳುತ್ತಿದ್ದ, ‘ಅಪ್ಪಾಜಿ ಹೇಗಿದಾರೆ’ ಅಂತ ನಾನು ಕೇಳಬೇಕಿತ್ತು. ಪ್ಲೇಸ್‌ಮೆಂಟ್ ಆಯಿತು, ಅವನಿಗೆ ಹೇಳಲಿಲ್ಲ. ಗುಂಪಿನಲ್ಲಿ ಯಾರೋ ಹಾಕಿದ್ದನ್ನು ನೋಡಿ ಅವನೇ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದ.

2016ರ ಸೆಪ್ಟೆಂಬರ್. ನಾನು ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 5ರಂದು ಹೇಳಿತ್ತು. 9ರಂದು ಕರ್ನಾಟಕ ಬಂದ್ ಆಯಿತು. 12ನೇ ತಾರೀಕು ಸೋಮವಾರ ಕೋರ್ಟ್ ಅದನ್ನು 12,000ಕ್ಕೆ ಇಳಿಸಿ, ದಿನಗಳನ್ನು ಹೆಚ್ಚಿಸಿತು. ಅವತ್ತು ಮಧ್ಯಾಹ್ನ ಬೆಂಗಳೂರು ಹೊತ್ತಿಕೊಂಡಿತು. ತಮಿಳುನಾಡು ನಂಬರ್ ಪ್ಲೇಟಿನ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು. ರಾತ್ರಿ ಹೊತ್ತಿಗೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ನಮ್ಮ ಟೀಮಿನಲ್ಲಿ ನನ್ನ ಜೊತೆಗೇ ಸೇರಿದ್ದ ಒಬ್ಬ ಈರೋಡಿನವನು ಇದ್ದ. ಅವನ ಪಿಜಿ ಇದ್ದದ್ದು ಮೈಸೂರು ರಸ್ತೆ ಕಡೆ. ‘ಇವತ್ತು ಆ ಕಡೆ ಬೇಡ, ನನ್ನ ರೂಮಿಗೆ ಬಾ’ ಅಂದೆ. ದಾರಿಯುದ್ದಕ್ಕೂ ಅವನು ಫೋನ್ ಬಂದರೆ ಎತ್ತಲಿಲ್ಲ. ಅಮ್ಮನದೇ ಫೋನು. ಎತ್ತಿದರೆ ತಮಿಳಿನಲ್ಲಿ ಮಾತಾಡಬೇಕಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಮೆಲ್ಲಗೆ ಅಮ್ಮನ ಹತ್ತಿರ ಮಾತಾಡಿದ.

ಇಬ್ಬರಿಗೂ ಮ್ಯಾಗಿ ಮಾಡಿದೆ. ಟಿವಿ ಇರಲಿಲ್ಲ, ಫೋನಿನಲ್ಲಿ ನ್ಯೂಸ್ ನೋಡಿ ನೋಡಿ ಇಬ್ಬರಿಗೂ ಸಾಕಾಗಿತ್ತು. ಸುಮ್ಮನೆ ಇರಲಿ ಅಂತ ಕಾರ್ಡಿನ ಹಾಡುಗಳನ್ನು ಹಾಕಿದೆ. ಏಳನೆಯದು ಬಂದಾಗ ಅವನು ತಟ್ಟೆ ಕೆಳಗಿಟ್ಟ.

‘ನಿಂಗೆ ಸ್ವರಾತ್ಮ ಗೊತ್ತಾ?’ ಅಂದ.

‘ಅಂದ್ರೆ?’

‘ಇದು ಸ್ವರಾತ್ಮ. ಹಾಡಿನ ಹೆಸರು ಪ್ಯಾಸಿ. ನಮ್ಮ ಕಾಲೇಜಲ್ಲಿ ಎಲ್ಲಾ ಕೇಳ್ತಿದ್ರು.’

‘ಚೆನ್ನಾಗಿದೆ ಅಲ್ವಾ? ಯಾವ್ದೋ ಹುಡುಗಿ ಬಗ್ಗೆ...’

‘ಹುಡುಗಿ ಅಲ್ಲ ಬ್ರೋ. ಕಾವೇರಿ.’

‘ಪ್ಯಾಸಿ’ ಅಂದರೆ ಬಾಯಾರಿದವಳು. ಬಾಯಾರಿರುವುದು ನದಿಗೇ. ತನ್ನ ನೀರಿಗಾಗಿ ಮಕ್ಕಳು ಹೊಡೆದಾಡುವುದನ್ನು ನೋಡುವ ನದಿ ಮಾತಾಡುತ್ತಿದೆ. ಒಂದು ವರ್ಷದಿಂದ ಕೇಳುತ್ತಿದ್ದ ಹಾಡು ಅವತ್ತು ನನಗೆ ಮೊದಲ ಸಲ ಕೇಳಿಸಿತು. ಹೊರಗೆ ಬೀದಿಯಲ್ಲಿ ಒಂದು ಗಾಡಿಯೂ ಇಲ್ಲ. ಒಳಗೆ ಈರೋಡಿನವನೊಬ್ಬ, ಅವನ ಊರಿನಲ್ಲೂ ಹರಿಯುವುದು ಅದೇ ಕಾವೇರಿ. ನಾನು ತುಂಗಾ ನದಿಯವನು, ನಡುವೆ ಕೂತಿದ್ದೇನೆ. ಹಾಡು ಕೊಟ್ಟವನು ನಾಲೆಯ ಕೊನೆಯಲ್ಲಿದ್ದಾನೆ. ಆ ವರ್ಷ ಅವರ ಗದ್ದೆಗೆ ನೀರು ಹೋಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೆಆರ್‌ಎಸ್ ಎಷ್ಟು ಅಡಿ ಅಂತ ಪೇಪರಿನಲ್ಲಿ ನೋಡಿದ್ದೆ, ಅಷ್ಟೇ.

ಆ ರಾತ್ರಿ ಮದ್ದೂರಿಗೆ ಫೋನ್ ಮಾಡಬೇಕು ಅನಿಸಿತು. ಬೆಂಗಳೂರಿನಲ್ಲಿ ಸಂಬಳ ತಗೊಂಡು, ಅದೇ ಕಾವೇರಿ ನೀರನ್ನು ನಲ್ಲಿಯಲ್ಲಿ ಬಿಟ್ಟುಕೊಂಡು, ‘ನಿನ್ನ ಹಾಡು ಸೂಪರ್ ಕಣೋ’ ಅಂತ ಹೇಗೆ ಹೇಳೋದು? ನಂಬರ್ ತೆಗೆದು ನೋಡಿ, ಇಟ್ಟೆ.

ಆಮೇಲೆ ಸ್ವರಾತ್ಮವನ್ನು ಹುಚ್ಚು ಹಿಡಿದವನ ಹಾಗೆ ಕೇಳಿದೆ. ಮೊದಲ ಆಲ್ಬಂ 2009ರಲ್ಲಿ ಬಂದದ್ದು, ಅದಕ್ಕೂ ಬ್ಯಾಂಡಿನದೇ ಹೆಸರು. ‘ಪ್ಯಾಸಿ’ ಇರುವುದು ಅದರಲ್ಲೇ. ಕಾರ್ಡಿನ ಮೂರನೆಯ ಹಾಡು ‘ಈ ಭೂಮಿ’ ಇರುವುದೂ ಅದರಲ್ಲೇ. ಹಾಡುವವರು ವಾಸು ದೀಕ್ಷಿತ್, ಮೈಸೂರಿನವರು. ರಘು ದೀಕ್ಷಿತ್ ಅವರ ತಮ್ಮ. ನಾನು ನಾಲ್ಕು ವರ್ಷ ಮೈಸೂರಿನಲ್ಲಿದ್ದೆ, ಗೊತ್ತೇ ಇರಲಿಲ್ಲ! ಅದೇ 2009ರಲ್ಲಿ ಬ್ರಿಟಿಷ್ ಕೌನ್ಸಿಲಿನ ಸೌಂಡ್‌ಪ್ಯಾಡ್ ಅನ್ನುವ ಯೋಜನೆಯಲ್ಲಿ ಇವರ ಜೊತೆ ಕೆಲಸ ಮಾಡಿದ್ದು ಜಾನ್ ಲೆಕಿ. ರೇಡಿಯೋಹೆಡ್ ಬ್ಯಾಂಡಿನ ‘ದ ಬೆಂಡ್ಸ್’ ಆಲ್ಬಂನ ನಿರ್ಮಾಪಕ. ಹಾಸ್ಟೆಲಿನಲ್ಲಿ ರೇಡಿಯೋಹೆಡ್ ಕೇಳಿ ದೊಡ್ಡ ಜನ ಅಂದುಕೊಂಡಿದ್ದ ನಮ್ಮ ಸೀನಿಯರ್‌ಗಳಿಗೂ ಇದು ಗೊತ್ತಿರಲಿಲ್ಲ.

ಎರಡನೆಯ ಆಲ್ಬಂ 2012ರ ‘ಟೋಪಿವಾಲೆ’. ಹೆಸರೇ ಹೇಳುವ ಹಾಗೆ ನಮಗೆ ಟೋಪಿ ಹಾಕುವವರ ಬಗ್ಗೆ. ಮೂರನೆಯದು 2018ರ ‘ರಾಹ್-ಎ-ಫಕೀರಾ’. ಭಾಷೆ ಹೆಚ್ಚಾಗಿ ಹಿಂದಿ, ನಡುನಡುವೆ ಕನ್ನಡ. ‘ನಮ್ಮವರಾಗಿ ಯಾಕೆ ಹಿಂದಿ’ ಅಂತ ಮೊದಮೊದಲು ನನಗೂ ಅನಿಸಿದ್ದುಂಟು. ಆದರೆ ‘ಪ್ಯಾಸಿ’ಯನ್ನು ಯೋಚಿಸಿ ನೋಡಿ. ಅದು ಕನ್ನಡದಲ್ಲಿದ್ದಿದ್ದರೆ ಈರೋಡಿನ ಹುಡುಗ ಅದನ್ನು ಕೇಳುತ್ತಿದ್ದನೋ ಇಲ್ಲವೋ. ತಮಿಳಿನಲ್ಲಿದ್ದಿದ್ದರೆ ಮದ್ದೂರಿನ ಅಂಗಡಿಯ ಕಂಪ್ಯೂಟರಿಗೆ ಬರುತ್ತಿತ್ತೋ ಇಲ್ಲವೋ. ಇಬ್ಬರಿಗೂ ಪೂರ್ತಿ ತನ್ನದಲ್ಲದ ಭಾಷೆಯಲ್ಲಿ ಇದ್ದುದರಿಂದಲೇ ಇಬ್ಬರೂ ಕಿವಿಗೊಟ್ಟರು ಅನಿಸುತ್ತದೆ ನನಗೆ.

ಒಂದು ಸಲ ಬೆಂಗಳೂರಿನಲ್ಲಿ ಟಿಕೆಟ್ ತಗೊಂಡು ಅವರನ್ನು ಎದುರಿಗೇ ನೋಡಿದೆ. ವಾಸು ದೀಕ್ಷಿತ್ ಬಣ್ಣಬಣ್ಣದ ಕುದುರೆಯ ವೇಷವನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುತ್ತಾ ಬಂದರು, ನಮ್ಮ ಜಾತ್ರೆಯ ಕೀಲುಕುದುರೆ ಥರವೇ. ಟೀಶರ್ಟ್ ಹಾಕಿಕೊಂಡ ಐಟಿ ಜನರೆಲ್ಲ ಶಿಳ್ಳೆ ಹೊಡೆದರು. ನಾನೂ ಹೊಡೆದೆ. ಆದರೆ ಪಕ್ಕಕ್ಕೆ ತಿರುಗಿ ‘ನೋಡೋ, ನೋಡೋ’ ಅನ್ನೋಕೆ ಯಾರಿರಬೇಕಿತ್ತೋ ಅವನಿರಲಿಲ್ಲ.

ಹಾಡಿನ ಆ್ಯಪ್‌ಗಳಿಗೆ ನಾನೇನೂ ವಿರೋಧಿ ಅಲ್ಲ. ದಿನಾ ಆಫೀಸಿಗೆ ಹೋಗುವಾಗ ಕೇಳ್ತೀನಿ. ಅದರ ಒಳಗೆ ಏನು ನಡೆಯುತ್ತೆ ಅಂತ ನನ್ನ ಕೆಲಸದಿಂದಾಗಿ ಸ್ವಲ್ಪ ಗೊತ್ತು. ಮುಖ್ಯವಾಗಿ ಅದು ಮಾಡೋದು ಇಷ್ಟು: ನೀವು ಕೇಳಿದ್ದನ್ನೇ ಕೇಳಿದ ಬೇರೆ ಜನರನ್ನು ಹುಡುಕುತ್ತೆ. ಅವರು ಕೇಳಿ, ನೀವಿನ್ನೂ ಕೇಳಿಲ್ಲದ ಹಾಡನ್ನು ನಿಮ್ಮ ಮುಂದೆ ಇಡುತ್ತೆ. ಅಂದರೆ ‘ನಿನ್ನಂಥವರು ಇದನ್ನು ಕೇಳಿದರು, ನೀನೂ ಕೇಳು’ ಅಂತ. ತುಂಬಾ ಸಲ ಅದರ ಅಂದಾಜು ಸರಿ ಇರುತ್ತೆ.

ಮದ್ದೂರು ಮಾಡಿದ್ದು ಬೇರೆ. ಅವನು ನನ್ನಂಥವನಲ್ಲ. ನನಗೆ ನೀರು ಅಂದರೆ ಕೊಡೆ, ಅವನಿಗೆ ನೀರು ಅಂದರೆ ಪೇಪರಿನ ಮೂಲೆಯ ಒಂದು ನಂಬರು. ತನ್ನ ಕಿವಿಯಿಂದ ಕೇಳಿದ 14 ಹಾಡನ್ನು ನನ್ನ ಕಿವಿಗೆ ಅಳತೆ ಮಾಡಿ, ಒಂದರ ಹಿಂದೆ ಒಂದು ಇಟ್ಟಿದ್ದ. ನಮ್ಮ ಅಣ್ಣಂದಿರ ಕಾಲದಲ್ಲಿ ಇದನ್ನೇ ಕ್ಯಾಸೆಟ್ಟಿನಲ್ಲಿ ಮಾಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಕಡೆಗೆ 30 ನಿಮಿಷ. ಅದರೊಳಗೆ ಹಾಡು ಹೊಂದಿಸಬೇಕು, ಕೊನೆಯ ಹಾಡು ಅರ್ಧಕ್ಕೆ ತುಂಡಾಗಬಾರದು. ಅಲ್ಲಿ ಜಾಗ ಕಮ್ಮಿ ಇತ್ತು, ಆದ್ದರಿಂದ ಆರಿಸುತ್ತಿದ್ದರು. ಇವನಿಗೆ ಜಾಗ ಬೇಕಾದಷ್ಟಿತ್ತು. ಆದರೂ ಆರಿಸಿದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ಬ್ಯಾಂಡಿನ ಕಥೆಯಾಗಿ ಮುಗಿಯುತ್ತಿತ್ತು. ಹೋದ ತಿಂಗಳು ಇನ್ನೊಂದು ಆಯಿತು.

ಹಳೆ ಲ್ಯಾಪ್‌ಟಾಪ್ ಕೈಕೊಡುವ ಹಾಗಿತ್ತು. ಅದರಲ್ಲಿದ್ದ ಎಂಪಿ3ಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಕಾರ್ಡಿನ 14 ಫೈಲುಗಳೂ ಅದರಲ್ಲೇ ಇದ್ದವು. ಕೈಯಲ್ಲಿ ಒಂದೊಂದೇ ಹೆಸರು ಸರಿ ಮಾಡೋಕೆ ಬೇಜಾರಾಗಿ, ಎಲ್ಲಾ ಫೈಲುಗಳ ಒಳಗಿನ ಮಾಹಿತಿಯನ್ನು ಓದಿ ಒಂದು ಶೀಟಿಗೆ ಹಾಕುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ.

ಎಂಪಿ3 ಫೈಲಿನ ಹಳೆಯ ಪದ್ಧತಿಯಲ್ಲಿ ಕೊನೆಯ 128 ಬೈಟುಗಳು ಇಂಥ ಮಾಹಿತಿಗೆ ಮೀಸಲು. ಐಡಿ3 ಟ್ಯಾಗ್ ಅಂತಾರೆ. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಆಲ್ಬಂಗೆ 30, ಇಸವಿಗೆ 4, ಕಾಮೆಂಟಿಗೆ 30. ಕಾಮೆಂಟನ್ನು ಯಾರೂ ನೋಡೋದಿಲ್ಲ. ನನ್ನ ಫೋನಿನ ಪ್ಲೇಯರ್ ಅದನ್ನು ತೋರಿಸುತ್ತಲೇ ಇರಲಿಲ್ಲ.

ಶೀಟ್ ತೆರೆದೆ. ಸಾವಿರಾರು ಸಾಲು. ಕಾಮೆಂಟ್ ಕಾಲಮ್ಮಿನಲ್ಲಿ ಹಾಡು ಇಳಿಸಿದ ವೆಬ್‌ಸೈಟುಗಳ ಹೆಸರು, ಕಸ. ಕೆಳಗೆ ಹೋದ ಹಾಗೆ ಮದ್ದೂರಿನ 14 ಸಾಲು ಬಂತು. ಹಾಡಿನ ಹೆಸರು ಖಾಲಿ, ಹಾಡಿದವರ ಹೆಸರು ಖಾಲಿ. ಕಾಮೆಂಟ್ ಮಾತ್ರ ಖಾಲಿ ಇಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಒಂದೊಂದು ಹಾಡಿಗೂ ಒಂದೊಂದು ಸಾಲು.

ಒಂದನೆಯದಕ್ಕೆ: ‘ಬಸ್ಸಲ್ಲಿ ಕಿಟಕಿ ಪಕ್ಕ ಕೇಳು’.

ನಾಲ್ಕನೆಯದಕ್ಕೆ: ‘ಇದು ನಿಂಗೆ ಇಷ್ಟ ಆಗಲ್ಲ ಕೇಳು’. ನಿಜವಾಗಿಯೂ ಇಷ್ಟ ಆಗಿರಲಿಲ್ಲ.

ಒಂಬತ್ತನೆಯದಕ್ಕೆ: ‘ಎಕ್ಸಾಂ ಹಿಂದಿನ ದಿನ ಬೇಡ’.

ಏಳನೆಯದಕ್ಕೆ: ‘ಅರ್ಥ ಆದ್ಮೇಲೆ ಫೋನ್ ಮಾಡು’.

ಕುರ್ಚಿಯಿಂದ ಎದ್ದು ಒಂದು ಲೋಟ ನೀರು ಕುಡಿದು ಬಂದೆ. ಅರ್ಥ ಆಗಿ ಎಂಟು ವರ್ಷ ಆಗಿತ್ತು.

ಕೊನೆಯದು, ಹದಿನಾಲ್ಕನೆಯದು: ‘ನೀನು ಪಾಸ್ ಆಗಿದ್ದು ಖುಷಿ ಆದ್ರ’

ಅಷ್ಟೇ. ಅಲ್ಲಿಗೆ ತುಂಡಾಗಿತ್ತು. ಎಣಿಸಿ ನೋಡಿದೆ. ಇಂಗ್ಲಿಷಿನಲ್ಲಿ ಸರಿಯಾಗಿ 30 ಅಕ್ಷರ. ಅದಕ್ಕಿಂತ ಜಾಸ್ತಿ ಟೈಪ್ ಮಾಡಿದ್ದರೂ ಉಳಿಯುವುದಿಲ್ಲ. ‘ಆದ್ರೆ’ ಅನ್ನುವುದರ ಕೊನೆಯ ಅಕ್ಷರವನ್ನೂ, ಅದರ ಆಚೆಗೆ ಅವನು ಬರೆದದ್ದನ್ನೂ ಫೈಲು ನುಂಗಿಹಾಕಿತ್ತು.

ಆದ್ರೆ ಏನು? ‘ಆದ್ರೆ ನನಗೆ ಬೇಜಾರು’ ಅಂತಲಾ? ‘ಆದ್ರೆ ನೀನು ಒಂದು ಮಾತು ಕೇಳಲಿಲ್ಲ’ ಅಂತಲಾ? ‘ಆದ್ರೆ ಬಸ್‌ಸ್ಟ್ಯಾಂಡಿಗೆ ಬಾ’ ಅಂತ ಇದ್ದರೆ? ಕಾರ್ಡ್ ಕೊಟ್ಟದ್ದು ಹೊರಡುವ ಹಿಂದಿನ ರಾತ್ರಿ. ನಾನು ಅದನ್ನು ಆಗಲೇ ಅವನ ಲ್ಯಾಪ್‌ಟಾಪಿಗೆ ಹಾಕಿ ನೋಡಬಹುದು ಅಂತ ಅವನು ಅಂದುಕೊಂಡಿದ್ದನೇ? ರಾತ್ರಿ ಎರಡು ಗಂಟೆವರೆಗೆ ಆ ಒಂದು ‘ಆದ್ರ’ ಹಿಡಿದುಕೊಂಡು ಕೂತಿದ್ದೆ.

ಮರುದಿನ ಭಾನುವಾರ. ಬೆಳಿಗ್ಗೆ ಫೋನ್ ಮಾಡಿದೆ. ನಂಬರ್ ಬದಲಾಗಿರುತ್ತೆ ಅಂದುಕೊಂಡಿದ್ದೆ. ಬದಲಾಗಿರಲಿಲ್ಲ.

‘ಏನ್ಲಾ ತೀರ್ಥಹಳ್ಳಿ,’ ಅಂದ. ನಿನ್ನೆ ರಾತ್ರಿ ಊಟ ಮಾಡಿ ಮಲಗಿ ಬೆಳಿಗ್ಗೆ ಎದ್ದವನ ಹಾಗೆ. ನನಗೆ ದನಿ ಹೊರಡಲಿಲ್ಲ.

‘ಏಳನೇ ಹಾಡು ಅರ್ಥ ಆಯ್ತು ಕಣೋ,’ ಅಂದೆ.

ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಕಾರ್ಡು, ಕಾಮೆಂಟು, ಸ್ಕ್ರಿಪ್ಟು. ಸುಮಾರು ಹೊತ್ತು ನಕ್ಕ. ‘ಅದನ್ನ ಈಗ ನೋಡ್ದಾ? ವಿನ್‌ಆ್ಯಂಪಲ್ಲಿ ಆಲ್ಟ್ 3 ಒತ್ತುದ್ರೆ ಕಾಣ್ಸದಲ್ಲೋ! ನಮ್ ಅಂಗ್ಡೀಲಿ ಎಲ್ಲಾರಿಗೂ ಗೊತ್ತಿತ್ತು. ಎಂಜಿನಿಯರಂತೆ ಎಂಜಿನಿಯರು.’

‘ಹದಿನಾಲ್ಕನೇದು ಅರ್ಧಕ್ಕೆ ಕಟ್ ಆಗಿದೆ. ಆದ್ರೆ ಅಂದಮೇಲೆ ಏನ್ ಬರ್ದಿದ್ದೆ?’

ಆ ಕಡೆ ಒಂದು ಗಳಿಗೆ ಮಾತಿಲ್ಲ. ಹಿಂದೆ ಎಲ್ಲೋ ಟ್ರ್ಯಾಕ್ಟರ್ ಸದ್ದು.

‘ನೆಪ್ಪಿಲ್ಲ ಕಣ್ಲಾ,’ ಅಂದ. ‘ಆದ್ರೆ ನನ್ ಬಕೆಟ್ಟು ವಾಪಸ್ ಕೊಡು ಅಂತ ಇರ್ಬೇಕು. ನೀಲಿ ಬಕೆಟ್ಟು, ನಿನ್ ಹತ್ರನೇ ಉಳ್ಕಂತು.’

ನಿಜವಾಗಿಯೂ ಅವನಿಗೆ ನೆನಪಿರಲಿಲ್ಲವೋ, ನನ್ನನ್ನು ಉಳಿಸಲು ಹಾಗಂದನೋ ನನಗೆ ಗೊತ್ತಾಗಲಿಲ್ಲ. ಮತ್ತೆ ಕೇಳಲಿಲ್ಲ. ಬದಲಿಗೆ, ಒಂಬತ್ತು ವರ್ಷದಿಂದ ಹೇಳಬೇಕಿದ್ದದ್ದನ್ನು ಹೇಳಿದೆ. ಅವತ್ತಿನ ಟೆಸ್ಟ್ ಬರೆಯಲೇಬೇಕು ಅಂತ ಏನಿರಲಿಲ್ಲ, ಬಸ್‌ಸ್ಟ್ಯಾಂಡಿಗೆ ಬರಬಹುದಿತ್ತು, ಬರಲಿಲ್ಲ ಅಂತ.

‘ಗೊತ್ತಿತ್ತು ಬುಡು,’ ಅಂದ. ‘ಬಂದಿದ್ರೆ ನಾನೇ ಅತ್ಬುಡ್ತಿದ್ದೆ.’

ಆಮೇಲೆ ಮಾಮೂಲಿ ಮಾತು. ಅವರ ಅಪ್ಪಾಜಿ ತೀರಿಕೊಂಡು ನಾಲ್ಕು ವರ್ಷ ಆಯಿತಂತೆ. ಗುಂಪಿನಲ್ಲಿ ಹಾಕಿರಲಿಲ್ಲ. ಅಂಗಡಿಯಲ್ಲಿ ಈಗ ಹಾಡು ಹಾಕಿಸಿಕೊಳ್ಳುವವರು ಯಾರೂ ಇಲ್ಲ, ಬರೀ ಸ್ಕ್ರೀನ್ ಒಡೆದ ಫೋನುಗಳು. ಇವನು ಗದ್ದೆಯನ್ನೇ ನೋಡಿಕೊಳ್ತಾನೆ, ಜೊತೆಗೆ ಎಳನೀರು ವ್ಯಾಪಾರ. ಮಗಳಿಗೆ ಮೂರು ವರ್ಷ. ‘ಪ್ಯಾಸಿ’ ಹಾಕಿದರೆ ಕುಣೀತಾಳಂತೆ. ಕುಣಿಯುವ ಹಾಡೇನೂ ಅಲ್ಲ ಅದು. ಆದರೂ ಕುಣೀತಾಳೆ ಅಂದ.

‘ನೀರು ಬಂತಾ ಈ ಸಲ?’ ಅಂತ ಕೇಳಿದೆ. ನಮ್ಮ ಪರಿಚಯವಾಗಿ ಅಷ್ಟು ವರ್ಷದಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

‘ಬಂತು ಬಂತು. ನಮ್ಗೆ ಕೊನೇಲಿ ಬರ್ತದೆ, ಆದ್ರೆ ಬಂತು,’ ಅಂದ.

ಈಗ ನಾನು ಅವನಿಗೊಂದು ಪಟ್ಟಿ ಮಾಡ್ತಾ ಇದೀನಿ. ಆ್ಯಪಿನ ಲಿಂಕ್ ಕಳಿಸೋದಾದರೆ ಎರಡು ನಿಮಿಷದ ಕೆಲಸ. ಆದರೆ ಕಾರ್ಡಿನಲ್ಲೇ ಹಾಕಿ, ಕೈಯಾರೆ ಕೊಟ್ಟು ಬರೋಣ ಅಂತ. 2 ಜಿಬಿಯ ಕಾರ್ಡ್ ಈಗ ಹುಡುಕಿದರೂ ಸಿಗ್ತಿಲ್ಲ, 32 ಜಿಬಿಯದ್ದು ತಂದಿದೀನಿ. ಹಾಡು ಆರಿಸೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮೂರು ವಾರದಲ್ಲಿ ಒಂಬತ್ತು ಆಗಿದೆ. ಪ್ರತಿ ಹಾಡಿಗೂ ‘ಇದು ಅವನಿಗೆ ಯಾಕೆ?’ ಅಂತ ಕೇಳಿಕೊಂಡರೆ ಅರ್ಧಕ್ಕರ್ಧ ಬಿದ್ದುಹೋಗುತ್ತವೆ. ಅವನ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತಿದೆ ಅಂತ ಆಗ ಗೊತ್ತಾಗುತ್ತದೆ.

ಕಾಮೆಂಟುಗಳನ್ನೂ ಬರೀತಾ ಇದೀನಿ. ಟ್ಯಾಗಿನ ಹೊಸ ಪದ್ಧತಿಯಲ್ಲಿ 30 ಅಕ್ಷರದ ಮಿತಿ ಇಲ್ಲ, ಕನ್ನಡದಲ್ಲೇ ಎಷ್ಟು ಬೇಕಾದರೂ ಬರೆಯಬಹುದು. ಆದರೂ ಪ್ರತಿ ಸಾಲನ್ನೂ ಚಿಕ್ಕದಾಗಿಯೇ ಇಡ್ತಿದೀನಿ, ‘ಆದ್ರೆ’ ಬರದ ಹಾಗೆ.

ಮುಂದಿನ ಭಾನುವಾರ ಮದ್ದೂರಿಗೆ ಹೋಗ್ತೀನಿ. ಕಾರ್ಡ್ ರೆಡಿ ಆಗದಿದ್ದರೂ ಹೋಗ್ತೀನಿ. ಒಂದು ನೀಲಿ ಬಕೆಟ್ ತಗೊಂಡಿದೀನಿ.